ಸೈಕಲ್ ಮೇಲೆ ಪಾದಕ್ಕೇ ಏಕೆ ಚಳಿ?

ಮಕ್ಕಳೇ, ಡಿಸೆಂಬರ್ ತಿಂಗಳ ಬೆಳಿಗ್ಗೆ ಆರೂವರೆಗೆ ಸೈಕಲ್ ಏರಿ ಮೂರು ನಾಲ್ಕು ಕಿಲೋಮೀಟರ್ ಹೋಗಿದ್ದೀರಾ? ಬೀದರ್, ವಿಜಯಪುರದ ಕಡೆಯವರಿಗೆ, ಕೊಡಗು, ಚಿಕ್ಕಮಗಳೂರಿನವರಿಗೆ ಇದರ ಅನುಭವ ಚೆನ್ನಾಗಿಯೇ ಇರುತ್ತದೆ. ಮನೆಯಿಂದ ಹೊರಟಾಗ ಮೈಯೆಲ್ಲಾ ನಡುಗುತ್ತದೆ. ಒಂದೆರಡು ಕಿಲೋಮೀಟರ್ ತುಳಿಯುವಷ್ಟರಲ್ಲಿ ಎದೆ, ಬೆನ್ನು ಬೆಚ್ಚಗಾಗಿ ಸ್ವೆಟರಿನ ಒಳಗೆ ಬೆವರು ಶುರುವಾಗುತ್ತದೆ. ಆದರೆ ಕಾಲ್ಬೆರಳುಗಳು? ಅವು ಮಾತ್ರ ಇನ್ನೂ ತಣ್ಣಗೆ ಕೊರೆಯುತ್ತಿರುತ್ತವೆ. ಕೆಲವೊಮ್ಮೆ ಅವು ಇವೆಯೋ ಇಲ್ಲವೋ ಎಂಬುದೇ ತಿಳಿಯದಷ್ಟು ಜೋಮು ಹಿಡಿದಿರುತ್ತವೆ.

ಇದು ವಿಚಿತ್ರವಲ್ಲವೇ? ಸೈಕಲ್ ತುಳಿಯುವುದು ಕಾಲು. ದುಡಿಯುವ ಕಾಲಿನ ತುದಿಯೇ ಎಲ್ಲಕ್ಕಿಂತ ತಣ್ಣಗಿರುವುದು ಏಕೆ? ಇದಕ್ಕೆ ಉತ್ತರ ಗೊತ್ತಾದರೆ ಚಳಿಗೆ, ಮಳೆಗೆ ಯಾವ ಪಾದರಕ್ಷೆ ಒಳ್ಳೆಯದು ಎಂಬುದು ಅಂಗಡಿಯವರನ್ನು ಕೇಳದೆಯೇ ನಿಮಗೆ ತಿಳಿಯುತ್ತದೆ.

ಶಾಖ ಎಲ್ಲಿ ಹುಟ್ಟುತ್ತದೆ?

ನಮ್ಮ ದೇಹದಲ್ಲಿ ಶಾಖ ಹೆಚ್ಚಾಗಿ ಹುಟ್ಟುವುದು ಸ್ನಾಯುಗಳಲ್ಲಿ ಮತ್ತು ಯಕೃತ್ತಿನಂಥ ಒಳ ಅಂಗಗಳಲ್ಲಿ. ಸೈಕಲ್ ತುಳಿಯುವಾಗ ಬಲ ಹಾಕುವುದು ತೊಡೆ ಮತ್ತು ಮೀನಖಂಡದ ದೊಡ್ಡ ಸ್ನಾಯುಗಳು. ಪಾದ ಸುಮ್ಮನೆ ಪೆಡಲಿನ ಮೇಲೆ ಕುಳಿತಿರುತ್ತದೆ. ನಡೆಯುವಾಗಲಾದರೆ ಪ್ರತಿ ಹೆಜ್ಜೆಗೂ ಪಾದ ಬಾಗುತ್ತದೆ, ಬೆರಳುಗಳು ನೆಲ ಒತ್ತುತ್ತವೆ. ಸೈಕಲ್ ಮೇಲೆ ಅದೂ ಇಲ್ಲ. ಹೀಗಾಗಿ ಪಾದಕ್ಕೆ ಬೇಕಾದ ಶಾಖವೆಲ್ಲ ರಕ್ತದ ಮೂಲಕ ಮೇಲಿನಿಂದಲೇ ಬರಬೇಕು.

ಆದರೆ ಚಳಿಯಾದಾಗ ದೇಹ ಒಂದು ಲೆಕ್ಕಾಚಾರ ಮಾಡುತ್ತದೆ. ಹೃದಯ, ಮಿದುಳು, ಶ್ವಾಸಕೋಶಗಳು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಅವನ್ನು ಕಾಪಾಡಲು ಕೈ ಕಾಲು ಬೆರಳುಗಳ ಚಿಕ್ಕ ರಕ್ತನಾಳಗಳು ಸಂಕುಚಿಸಿ ಅತ್ತ ಹೋಗುವ ರಕ್ತ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕಾಲುವೆಯ ನೀರು ಕಡಿಮೆಯಾದಾಗ ತೊಂದರೆ ಮೊದಲು ಆಗುವುದು ಕಾಲುವೆಯ ಕೊನೆಯ ಗದ್ದೆಗೆ ತಾನೇ? ಕಾಲ್ಬೆರಳು ಅಂಥ ಕೊನೆಯ ಗದ್ದೆ.

ಶೂ ಬಿಗಿಯಾಗಿದ್ದರೆ ನಾವೇ ಆ ಕಾಲುವೆಗೆ ಇನ್ನೊಂದು ಕಟ್ಟೆ ಹಾಕಿದಂತೆ. ಚಳಿ ಎಂದು ಎರಡು ಜೊತೆ ಕಾಲುಚೀಲ ಹಾಕಿ ಅದೇ ಹಳೆಯ ಶೂವಿನೊಳಗೆ ಪಾದ ತುರುಕುವವರನ್ನು ನಾನು ಬಹಳ ನೋಡಿದ್ದೇನೆ. ಅವರ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಕಾರಣ ಎರಡು: ರಕ್ತದ ಓಟ ಕಡಿಮೆಯಾಯಿತು. ಇನ್ನೊಂದು, ಒಳಗಿದ್ದ ಗಾಳಿ ಹೊರಗೆ ಹೋಯಿತು.

ಗಾಳಿಯೇ ಕಂಬಳಿ

ಗಾಳಿಯೇ? ಹೌದು. ಕಂಬಳಿ ಬೆಚ್ಚಗೆ ಎನ್ನುತ್ತೇವೆ. ಆದರೆ ಕಂಬಳಿಯಲ್ಲಿ ಬೆಂಕಿಯೇನೂ ಇಲ್ಲ. ಅದರ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ನಿಂತಲ್ಲೇ ನಿಂತಿರುತ್ತದೆ. ಗಾಳಿ ಉಷ್ಣದ ಅವಾಹಕ. ನಿಂತ ಗಾಳಿಯ ಮೂಲಕ ದೇಹದ ಶಾಖ ಸುಲಭವಾಗಿ ಹೊರಗೆ ಹೋಗಲಾರದು. ಬೆಚ್ಚನೆಯ ಶೂ ಎಂದರೆ ಒಣಗಿದ, ಅಲುಗಾಡದ ಗಾಳಿಯನ್ನು ಪಾದದ ಸುತ್ತ ಹಿಡಿದಿಟ್ಟ ಡಬ್ಬಿ. ಬೆರಳು ಒಳಗೆ ಆಡಿಸಲು ಜಾಗ ಇಲ್ಲದಿದ್ದರೆ ಗಾಳಿಗೂ ಜಾಗ ಇಲ್ಲ ಎಂದರ್ಥ.

ಓಡುವ ಗಾಳಿಯ ಕಥೆಯೇ ಬೇರೆ. ಗಾಳಿ ಬೀಸದ ದಿನವೂ ನೀವು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿದರೆ ಅಷ್ಟೇ ವೇಗದ ಗಾಳಿ ನಿಮಗೆ ಎದುರಾಗುತ್ತದೆ. ಅದು ಚರ್ಮದ ಪಕ್ಕದ ಬೆಚ್ಚನೆ ಗಾಳಿಯನ್ನು ಗುಡಿಸಿಕೊಂಡು ಹೋಗುತ್ತದೆ. ಹವಾಮಾನ ಶಾಸ್ತ್ರಜ್ಞರು ಇದಕ್ಕೊಂದು ಕೋಷ್ಟಕ ಮಾಡಿದ್ದಾರೆ. ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದಷ್ಟು ಚಳಿ. ಶೂವಿನ ಮುಂಭಾಗ ಜಾಳಿಗೆಯಂಥ ಬಟ್ಟೆಯದಾಗಿದ್ದರೆ (ಓಟದ ಶೂಗಳು ಹಾಗಿರುತ್ತವೆ) ಈ ಗಾಳಿ ನೇರ ಬೆರಳಿಗೇ ನುಗ್ಗುತ್ತದೆ.

ಒದ್ದೆಯಾದರೆ?

ಇಲ್ಲಿಯೇ ನಿಜವಾದ ವಿಷಯ ಇರುವುದು. ಚಳಿಗಿಂತ ದೊಡ್ಡ ಶತ್ರು ನೀರು.

ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಾಲುಚೀಲ ನೆನೆದಾಗ ಎಳೆಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ. ಅಂದರೆ ಅವಾಹಕವನ್ನು ತೆಗೆದು ವಾಹಕವನ್ನು ಇಟ್ಟ ಹಾಗಾಯಿತು. ಅಷ್ಟೇ ಅಲ್ಲ, ಆ ನೀರು ಆವಿಯಾಗುತ್ತಲೂ ಇರುತ್ತದೆ. ಮಡಕೆಯ ನೀರು ತಂಪಾಗುವುದು ಹೇಗೆ ಎಂದು ನೀವು ಓದಿದ್ದೀರಿ. ಅದೇ ಕ್ರಿಯೆ ಪಾದಕ್ಕೂ ಆಗುತ್ತದೆ.

ಒಂದು ಚಿಕ್ಕ ಲೆಕ್ಕ ಮಾಡೋಣ. 1 ಗ್ರಾಂ ನೀರು ಚರ್ಮದ ಮೇಲಿನಿಂದ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಒದ್ದೆ ಕಾಲುಚೀಲದಿಂದ 10 ಗ್ರಾಂ, ಅಂದರೆ ಎರಡು ಟೀ ಚಮಚದಷ್ಟು ನೀರು ಆರಿದರೆ 5800 ಕ್ಯಾಲೊರಿ ಹೋಯಿತು. ಅರ್ಧ ಲೀಟರ್ ನೀರನ್ನು ಸುಮಾರು 11 ಡಿಗ್ರಿ ತಣ್ಣಗೆ ಮಾಡಲು ಅಷ್ಟು ಶಾಖ ತೆಗೆದರೆ ಸಾಕು! ಇದೆಲ್ಲವೂ ಪಾದದಿಂದಲೇ ಹೋಗುತ್ತದೆ ಎಂದಲ್ಲ, ಸ್ವಲ್ಪ ಸುತ್ತಲಿನ ಗಾಳಿಯಿಂದಲೂ ಬರುತ್ತದೆ. ಆದರೂ ಪಾದದ ಪಾಲು ಕಡಿಮೆಯೇನಲ್ಲ.

ಮಾಡಿ ನೋಡಿ: ಒಂದೇ ಅಳತೆಯ ನಾಲ್ಕು ಬಾಟಲಿಗಳಿಗೆ ಸ್ನಾನದ ನೀರಿನಷ್ಟು ಬಿಸಿ ನೀರನ್ನು ಸಮನಾಗಿ ತುಂಬಿ. (ನೀರು ಕಾಯಿಸಿ ಸುರಿಯುವ ಕೆಲಸ ಶಿಕ್ಷಕರದು.) ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಣ ಕಾಲುಚೀಲ ತೊಡಿಸಿ. ಮೂರನೆಯದಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಕಾಲುಚೀಲ ತೊಡಿಸಿ. ನಾಲ್ಕನೆಯದಕ್ಕೂ ಒದ್ದೆ ಕಾಲುಚೀಲ ತೊಡಿಸಿ ಅದರ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ. ನಾಲ್ಕನ್ನೂ ಫ್ಯಾನಿನ ಎದುರು ಅಥವಾ ಗಾಳಿಯಾಡುವ ಜಗುಲಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ಪ್ರಯೋಗಶಾಲೆಯ ತಾಪಮಾಪಕದಿಂದ ಅಳೆಯಿರಿ. ಜ್ವರ ನೋಡುವ ತಾಪಮಾಪಕ ಇದಕ್ಕೆ ಬೇಡ. ಎರಡನೆಯ ಬಾಟಲಿ ಎಲ್ಲಕ್ಕಿಂತ ಬಿಸಿಯಾಗಿಯೂ ಮೂರನೆಯದು ಎಲ್ಲಕ್ಕಿಂತ ತಣ್ಣಗೂ ಇರುತ್ತದೆ. ಏನೂ ತೊಡಿಸದ ಬಾಟಲಿಗಿಂತ ಒದ್ದೆ ಕಾಲುಚೀಲದ ಬಾಟಲಿ ತಣ್ಣಗಾಗಿರುವುದನ್ನು ಗಮನಿಸಿ! ನಾಲ್ಕನೆಯದು ಯಾವ ಸ್ಥಾನದಲ್ಲಿದೆ? ಏಕೆ? ನೀವೇ ಚರ್ಚಿಸಿ.

ಕಂದಕದಲ್ಲಿ ಸೈನಿಕರ ಪಾದ

ಒದ್ದೆ ಪಾದವನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಚರಿತ್ರೆಯಲ್ಲೊಂದು ದೊಡ್ಡ ಉದಾಹರಣೆ ಇದೆ. ಮೊದಲ ಮಹಾಯುದ್ಧದಲ್ಲಿ, 1914ರ ಚಳಿಗಾಲ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸೈನಿಕರು ನೆಲದಲ್ಲಿ ತೋಡಿದ ಉದ್ದನೆಯ ಕಂದಕಗಳಲ್ಲಿ ನಿಂತು ಹೋರಾಡುತ್ತಿದ್ದರು. ನಮ್ಮ ಭಾರತದ ಸೈನಿಕರೂ ಅಲ್ಲಿದ್ದರು. ಕಂದಕದ ತುಂಬ ಕೆಸರು ನೀರು. ಬೂಟು ಬಿಚ್ಚಲು ದಿನಗಟ್ಟಲೆ ಅವಕಾಶ ಇರಲಿಲ್ಲ. ಪಾದಗಳು ಮರಗಟ್ಟಿ, ಊದಿ, ಚರ್ಮ ಕೊಳೆಯತೊಡಗಿತು. ಕೆಲವರ ಬೆರಳುಗಳನ್ನೇ ಕತ್ತರಿಸಬೇಕಾಯಿತು. ಆ ಒಂದು ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯ 20,000ಕ್ಕೂ ಹೆಚ್ಚು ಮಂದಿ ಇದಕ್ಕಾಗಿ ಚಿಕಿತ್ಸೆ ಪಡೆದರು. ಈ ರೋಗಕ್ಕೆ ‘ಟ್ರೆಂಚ್ ಫುಟ್’, ಅಂದರೆ ಕಂದಕದ ಪಾದ, ಎಂಬ ಹೆಸರೇ ಬಂತು.

ಗಮನಿಸಿ, ಇದು ಹಿಮದಲ್ಲಿ ಪಾದ ಹೆಪ್ಪುಗಟ್ಟಿ ಆದದ್ದಲ್ಲ. ಉಷ್ಣತೆ ಸೊನ್ನೆಗಿಂತ ಮೇಲಿರುವಾಗಲೂ ಇದು ಬರುತ್ತದೆ. ತಂಪು, ಒದ್ದೆ, ಬಿಗಿಯಾದ ಬೂಟು, ಬಹಳ ಹೊತ್ತು: ಇವಿಷ್ಟು ಸೇರಿದರೆ ಸಾಕು. ಇದನ್ನು ತಡೆದ ಉಪಾಯ ಯಾವುದು ಗೊತ್ತೇ? ಒಣ ಕಾಲುಚೀಲ. ದಿನಕ್ಕೆ ಒಮ್ಮೆಯಾದರೂ ಕಾಲು ಒರೆಸಿ ಕಾಲುಚೀಲ ಬದಲಿಸಬೇಕು, ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಪಾದ ಇನ್ನೊಬ್ಬರು ನೋಡಬೇಕು ಎಂಬ ನಿಯಮ ಬಂತು. ರೋಗಿಗಳ ಸಂಖ್ಯೆ ಇಳಿಯಿತು.

ನಾವು ಕಂದಕದಲ್ಲಿಲ್ಲ, ನಿಜ. ಆದರೆ ಜುಲೈ ತಿಂಗಳಲ್ಲಿ ಮಲೆನಾಡಿನ ಶಾಲೆಗಳಿಗೆ ಹೋದಾಗ ಬೆಳಿಗ್ಗೆ ನೆನೆದ ಕಾಲುಚೀಲದಲ್ಲೇ ಸಂಜೆ ನಾಲ್ಕೂವರೆವರೆಗೆ ಕುಳಿತ ಮಕ್ಕಳನ್ನು ನೋಡುತ್ತೇನೆ. ಅವರ ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಉಬ್ಬಿ, ಸುಲಿದು, ತುರಿಕೆ ಶುರುವಾಗಿರುತ್ತದೆ. ಅದು ಶಿಲೀಂಧ್ರದ ಕೆಲಸ. ಅಂಥ ಬಿರುಕಿನ ಮೂಲಕ ಇಲಿಜ್ವರದ ರೋಗಾಣು ಕೂಡ ನಿಂತ ನೀರಿನಿಂದ ದೇಹ ಸೇರಬಹುದು.

ನೀರು ಬರುವ ದಾರಿ

ಹಾಗಾದರೆ ನೀರು ಒಳಗೆ ಬಾರದ ಶೂ ಹಾಕಿದರಾಯಿತಲ್ಲ? ನಿಲ್ಲಿ. ನೀರು ಎಲ್ಲೆಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ.

ಮಳೆಯಲ್ಲಿ ಸೈಕಲ್ ಹೊಡೆಯುವವರ ಪಾದಕ್ಕೆ ಆಕಾಶದಿಂದ ಬೀಳುವ ನೀರಿನ ಜೊತೆಗೆ ಮುಂದಿನ ಚಕ್ರ ಎರಚುವ ನೀರೂ ಧಾರಾಳವಾಗಿ ಬೀಳುತ್ತದೆ. ತಿರುಗುವ ಟಯರು ರಸ್ತೆಯ ನೀರನ್ನು ಎತ್ತಿ ಹಿಂದಕ್ಕೆ, ನೇರ ನಿಮ್ಮ ಪೆಡಲಿನ ಕಡೆಗೇ ಎಸೆಯುತ್ತದೆ. ಮಳೆ ನಿಂತ ಮೇಲೂ ಎಸೆಯುತ್ತದೆ. ಇದನ್ನು ತಡೆಯಲು ಶೂವಿಗೆ ದುಡ್ಡು ಹಾಕಬೇಕಿಲ್ಲ. ಮುಂದಿನ ಮಡ್‌ಗಾರ್ಡಿನ ಕೆಳತುದಿಗೆ ಹಳೆಯ ಟ್ಯೂಬಿನ ಒಂದು ತುಂಡು, ಇಲ್ಲವೇ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿದ ಹಾಳೆಯನ್ನು ರಸ್ತೆಗೆ ನಾಲ್ಕು ಬೆರಳು ಎತ್ತರದವರೆಗೆ ಇಳಿಬಿಟ್ಟು ತಂತಿಯಿಂದ ಬಿಗಿಯಿರಿ. ತುಂಡು ಚಕ್ರಕ್ಕೆ ತಾಗಬಾರದು. ಜಲನಿರೋಧಕ ಶೂ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು ಎಂದೇ ನನ್ನ ಅಭಿಪ್ರಾಯ.

ಎರಡನೆಯ ದಾರಿ ಶೂವಿನ ಬಾಯಿ. ಮೊಣಕಾಲ ಮೇಲೆ ಬಿದ್ದ ಮಳೆ ಕಾಲಿನ ಉದ್ದಕ್ಕೂ ಇಳಿದು ಶೂವಿನೊಳಗೇ ಸೇರುತ್ತದೆ. ಗಂಬೂಟಿನೊಳಗೆ ಪ್ಯಾಂಟು ತುರುಕಿದರೆ ಬೂಟು ಕೊಡವೇ ಆಗುತ್ತದೆ! ಮಳೆಯ ಪ್ಯಾಂಟು ಯಾವಾಗಲೂ ಬೂಟಿನ ಹೊರಗೆ ಇಳಿಯಬೇಕು. ಹಂಚಿನ ಮನೆಯ ಮಾಡನ್ನು ನೋಡಿ. ಮೇಲಿನ ಹಂಚು ಕೆಳಗಿನದರ ಮೇಲೆ ಬರುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಸಸಿ ನೆಡುವಾಗ ಬೆನ್ನಿಗೆ ಹಾಕುವ ಗೊರಬಿನಲ್ಲಿ ಎಲೆಗಳನ್ನು ಜೋಡಿಸುವುದೂ ಹೀಗೆಯೇ. ಪ್ಯಾಂಟಿನ ಕೆಳಭಾಗ ಚೈನಿಗೆ ಸಿಗದಂತೆ ಒಂದು ರಬ್ಬರ್ ಬ್ಯಾಂಡ್ ಹಾಕುವುದನ್ನು ಮರೆಯಬೇಡಿ.

ಮೂರನೆಯ ದಾರಿ ಒಳಗಿನದು. ಒಂದು ಕೈಯನ್ನು ಮಣಿಕಟ್ಟಿನವರೆಗೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬಾಯನ್ನು ಸಡಿಲವಾಗಿ ಕಟ್ಟಿ ಹತ್ತು ನಿಮಿಷ ಬಿಸಿಲಲ್ಲಿ ಆಟವಾಡಿ ಬನ್ನಿ. (ಕವರನ್ನು ತಲೆಗೆ, ಮುಖಕ್ಕೆ ಎಂದೂ ಹಾಕಬಾರದು.) ಕವರಿನ ಒಳಗೆ ಹನಿಗಳು ಕಾಣುತ್ತವೆ. ಅದು ನಿಮ್ಮದೇ ಬೆವರು. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಬಹಳ ದಟ್ಟವಾಗಿವೆ. ನೀರು ಒಳಗೆ ಬಿಡದ ರಬ್ಬರ್ ಬೂಟು ಬೆವರನ್ನು ಹೊರಗೂ ಬಿಡುವುದಿಲ್ಲ. ಒಂದು ಗಂಟೆ ಗಂಬೂಟಿನಲ್ಲಿ ಸೈಕಲ್ ತುಳಿದು ನೋಡಿ. ಮಳೆಯ ಒಂದು ಹನಿ ಒಳಗೆ ಬರದಿದ್ದರೂ ಕಾಲುಚೀಲ ತೇವವಾಗಿರುತ್ತದೆ.

ರಬ್ಬರಿನಿಂದ ರಂಧ್ರದ ಪೊರೆಯವರೆಗೆ

ರಬ್ಬರಿನ ಶೂಗಳು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಇದ್ದವು. ಆದರೆ ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗಿ, ಚಳಿಯಲ್ಲಿ ಗಡುಸಾಗಿ ಬಿರಿಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ರಬ್ಬರಿಗೆ ಗಂಧಕ ಬೆರೆಸಿ ಬಿಸಿ ಮಾಡಿದರೆ ಈ ದೋಷ ಹೋಗುತ್ತದೆ ಎಂದು ಕಂಡುಕೊಂಡರು. ಇದಕ್ಕೆ ವಲ್ಕನೀಕರಣ ಎನ್ನುತ್ತಾರೆ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟಯರು ಮಾಡಿದ್ದು ಇಂಥ ರಬ್ಬರಿನಿಂದಲೇ. ಗಂಬೂಟು ಮತ್ತು ಸೈಕಲ್ ಟಯರು ಒಂದೇ ಅಜ್ಜನ ಮೊಮ್ಮಕ್ಕಳು!

ಬೆವರಿನ ಸಮಸ್ಯೆಗೆ ಉತ್ತರ ಸಿಕ್ಕಿದ್ದು 1969ರಲ್ಲಿ. ಅಮೆರಿಕದ ರಾಬರ್ಟ್ ಗೋರ್, ಟೆಫ್ಲಾನ್ ಎಂದು ನಾವು ಕರೆಯುವ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನು ಬಿಸಿ ಮಾಡಿ ಮೆಲ್ಲಗೆ ಎಳೆದು ಉದ್ದ ಮಾಡಲು ನೋಡುತ್ತಿದ್ದರು. ಅವು ಮುರಿಯುತ್ತಿದ್ದವು. ಒಮ್ಮೆ ಥಟ್ಟನೆ ಜೋರಾಗಿ ಎಳೆದರು. ಕಡ್ಡಿ ಮುರಿಯುವ ಬದಲು ಹಲವು ಪಟ್ಟು ಉದ್ದವಾಯಿತು. ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ಮೂಡಿದ್ದವು. ತಯಾರಕರು ಹೇಳುವಂತೆ ಈ ರಂಧ್ರಗಳು ನೀರಿನ ಹನಿಗಿಂತ ಸುಮಾರು 20,000 ಪಟ್ಟು ಚಿಕ್ಕವು, ನೀರಾವಿಯ ಅಣುವಿಗಿಂತ ಸುಮಾರು 700 ಪಟ್ಟು ದೊಡ್ಡವು. ಹನಿ ಒಳಗೆ ಬಾರದು, ಆವಿ ಹೊರಗೆ ಹೋಗಬಲ್ಲದು. ಚಳಿದೇಶಗಳ ದುಬಾರಿ ಸೈಕಲ್ ಬೂಟುಗಳ ಒಳಪದರದಲ್ಲಿ ಇಂಥ ಪೊರೆ ಇರುತ್ತದೆ. ಆದರೆ ಮೇಲ್ಪದರಕ್ಕೆ ಕೆಸರು ಮೆತ್ತಿಕೊಂಡರೆ ಅಥವಾ ಹೊರಗಿನ ಗಾಳಿಯೇ ಆವಿಯಿಂದ ತುಂಬಿದ್ದರೆ ಬೆವರು ಹೊರಹೋಗುವುದು ನಿಧಾನವಾಗುತ್ತದೆ. ಆಗುಂಬೆಯ ಜುಲೈ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಶೂವಿನೊಳಗಿನ ಬೆವರು ಒಣಗುತ್ತದೆಯೇ!

ಎಲ್ಲಿಗೆ ಯಾವುದು?

ಫಿನ್‌ಲೆಂಡ್ ದೇಶದ ಉತ್ತರದಲ್ಲಿ ಔಲು ಎಂಬ ನಗರವಿದೆ. ಜನವರಿಯಲ್ಲಿ ಅಲ್ಲಿನ ಸರಾಸರಿ ಉಷ್ಣತೆ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗೆ. ಆದರೂ ಅಲ್ಲಿನ ಎಷ್ಟೋ ಮಕ್ಕಳು ಹಿಮದ ಮೇಲೆ ಸೈಕಲ್ ತುಳಿದೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ನಡೆದದ್ದು ಅಲ್ಲಿಯೇ. ಅಷ್ಟು ಚಳಿಯಲ್ಲಿ ಹಿಮ ಒಣ ಪುಡಿಯಂತಿರುತ್ತದೆ. ಕೊಡವಿದರೆ ಉದುರುತ್ತದೆ, ಶೂ ನೆನೆಯುವುದಿಲ್ಲ. ಹಾಗಾಗಿ ಅಂಥ ಕಡೆ ಜಲನಿರೋಧಕಕ್ಕಿಂತ ದಪ್ಪ ಒಳಪದರ, ಸಡಿಲ ಅಳತೆ, ಉಣ್ಣೆ ಕಾಲುಚೀಲ ಮುಖ್ಯ. ಪಂದ್ಯದ ಸೈಕಲ್ ಶೂಗಳ ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ತುಂಡು ಇರುತ್ತದೆ. ಅದರ ಮೂಲಕವೂ ಶಾಖ ಸೋರುವುದರಿಂದ ಚಳಿಗಾಲದಲ್ಲಿ ಅನೇಕರು ಸಾಧಾರಣ ಚಪ್ಪಟೆ ಪೆಡಲು, ಸಾಧಾರಣ ಬೂಟು ಬಳಸುತ್ತಾರೆ.

ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿದ್ದು ಹಿಮ ಕರಗಿ ಕೆಸರಾದಾಗಲೇ ಕಷ್ಟ ಹೆಚ್ಚು. ಆಗ ಚಳಿಯೂ ಇದೆ, ನೀರೂ ಇದೆ. ಪೊರೆಯಿರುವ, ಕಣಕಾಲು ಮುಚ್ಚುವ ಬೂಟಿನ ಬೆಲೆ ಗೊತ್ತಾಗುವುದು ಅಲ್ಲಿ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚಳಿ ಅಷ್ಟಿಲ್ಲ, ನೀರು ಮಾತ್ರ ಅಪಾರ. ಎಷ್ಟೇ ಒಳ್ಳೆಯ ಬೂಟಾದರೂ ನೀರು ಹೇಗೋ ಒಳಗೆ ಬರುತ್ತದೆ. ಬಂದ ನೀರು ಹೊರಗೆ ಹೋಗುವ ದಾರಿ ಇರಬೇಕು. ಅದಕ್ಕೆ ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಯಾಂಡಲ್ಲೇ ಸೈಕಲ್ಲಿಗೆ ವಾಸಿ. ಶಾಲೆಯ ಕಪ್ಪು ಶೂ, ಕಾಲುಚೀಲಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಳ್ಳಿ. ಶಾಲೆಯಲ್ಲಿ ಕಾಲು ತೊಳೆದು, ಬೆರಳ ಸಂದಿ ಒರೆಸಿ ಆಮೇಲೆ ಹಾಕಿಕೊಳ್ಳಿ. ಹವಾಯಿ ಚಪ್ಪಲಿ ಬೇಡ. ಒದ್ದೆ ಪೆಡಲಿನ ಮೇಲೆ ಅದು ಜಾರುತ್ತದೆ, ಪಾದದಿಂದಲೂ ಕಳಚುತ್ತದೆ. ಜಾರಿದ ಕಾಲು ಚಕ್ರದ ಕಡ್ಡಿಗಳ ನಡುವೆ ಹೋದರೆ ಏನಾಗುತ್ತದೆ ಎಂದು ಬರೆಯುವ ಅಗತ್ಯವಿಲ್ಲ.

ಬಯಲುಸೀಮೆಯ ಚಳಿ ಒಣ ಚಳಿ. ಅಲ್ಲಿಗೆ ಶಾಲೆಯ ಶೂವೇ ಸಾಕು. ಆದರೆ ಕೊಳ್ಳುವಾಗ ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ದಪ್ಪಗಾಗಿರುತ್ತದೆ. ಬೆರಳು ಐದೂ ಒಳಗೆ ಆಡಬೇಕು. ಹಳೆಯ ಕಂಬಳಿಯ ತುಂಡನ್ನು ಪಾದದ ಆಕಾರಕ್ಕೆ ಕತ್ತರಿಸಿ ಒಳಗೆ ಹಾಸಿದರೆ ಪೆಡಲಿಗೆ ಇಳಿದುಹೋಗುವ ಶಾಖ ಉಳಿಯುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಒದ್ದೆ ಎನಿಸುವುದಿಲ್ಲ, ಸುರುಳಿ ಎಳೆಗಳ ನಡುವೆ ಗಾಳಿಯೂ ಉಳಿದಿರುತ್ತದೆ. ಹತ್ತಿ ನೆನೆದರೆ ಮುದ್ದೆಯಾಗಿ ಚರ್ಮಕ್ಕೆ ಅಂಟುತ್ತದೆ. ಕುರುಬರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುವುದರ ಹಿಂದೆ ಇದೇ ವಿಜ್ಞಾನ ಇದೆ.

ಕಂಬಳಿ ತುಂಡು ಹಾಸಿದ ಮೇಲೆ ಶೂ ಬಿಗಿಯಾಯಿತೇ? ತೆಗೆದುಬಿಡಿ. ಮೊದಲು ಹೇಳಿದ ಕಾಲುವೆಯ ಮಾತು ನೆನಪಿದೆಯಲ್ಲ.

ಜೋಮು ಹಿಡಿದ ಪಾದವನ್ನು ಬಿಸಿನೀರಿಗೆ ಇಡಬೇಡಿ, ಒಲೆಯ ಮುಂದೆ ಚಾಚಬೇಡಿ. ಸ್ಪರ್ಶಜ್ಞಾನ ಇಲ್ಲದ ಚರ್ಮ ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಒರೆಸಿ, ಒಣ ಬಟ್ಟೆ ಸುತ್ತಿ, ಬೆರಳಾಡಿಸುತ್ತಾ ನಿಧಾನವಾಗಿ ಬೆಚ್ಚಗಾಗಲು ಬಿಡಿ.

ನೆನೆದ ಶೂವನ್ನೂ ಬಚ್ಚಲೊಲೆಯ ಪಕ್ಕ ಇಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಜೋರು ಶಾಖಕ್ಕೆ ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಒಳಹಾಸು ಹೊರತೆಗೆದು, ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ಶೂವಿನ ತುದಿಯವರೆಗೆ ತುಂಬಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ. ಕಾಗದದ ಎಳೆಗಳ ನಡುವಿನ ಕೂದಲಿನಷ್ಟು ಸಣ್ಣ ಸಂದುಗಳು ನೀರನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ.

ಈ ವಾರದ ಚಟುವಟಿಕೆ: ನಿಮ್ಮ ತರಗತಿಯಲ್ಲಿ ಸೈಕಲ್ಲಿನಲ್ಲಿ ಬರುವವರ ಪಟ್ಟಿ ಮಾಡಿ. ಬೆಳಿಗ್ಗೆ ಶಾಲೆಗೆ ಬಂದ ಕೂಡಲೇ ಒಂದು ಕಾಲುಚೀಲವನ್ನು ವಿಜ್ಞಾನ ಕಿಟ್ಟಿನ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಅದನ್ನೇ ಒಣಗಿಸಿ ಮರುದಿನ ಮತ್ತೆ ತೂಗಿ. ವ್ಯತ್ಯಾಸವನ್ನು 580ರಿಂದ ಗುಣಿಸಿ. ಯಾರ ಕಾಲುಚೀಲ ಒಣಗಲು ಅತಿ ಹೆಚ್ಚು ಶಾಖ ಬೇಕಾಯಿತು? ಅವರ ಸೈಕಲ್ಲಿನ ಮುಂದಿನ ಮಡ್‌ಗಾರ್ಡ್ ಹೇಗಿದೆ, ಹೋಗಿ ನೋಡಿ.